ಕೊಕ್ಕರೆ ಮಾತ್ರ ಇಳಿಯುವ ನೆಲ

ಚಿಕ್ಕಂದಿನಲ್ಲಿ ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಮಂಡಕಳ್ಳಿ ಬಂತೆಂದರೆ ಕಿಟಕಿ ಸೀಟಿಗೆ ನಮ್ಮಲ್ಲಿ ಜಗಳ. 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಮಾಡಿಸಿದ ವಿಮಾನ ನಿಲ್ದಾಣವದು. ಕತ್ತು ಚಾಚಿ ನೋಡಿದರೆ ಬರೀ ಹುಲ್ಲು, ನಡುವೆ ಬಾಲ ಬೀಸುತ್ತ ನಿಂತ ಒಂದು ಎಮ್ಮೆ. “ಅದೂ ಟೇಕಾಫ್‌ಗೆ ಕಾಯ್ತಾ ಇದೆ ಮಗಾ” ಅಂದರು ಮಾವ.

ಮಡಿಕೇರಿಯವರಾದ ನಮಗೆ ಆ ಭಾಗ್ಯವೂ ಇಲ್ಲ. ಕೊಡಗಿನಲ್ಲಿ ಸಮತಟ್ಟು ನೆಲ ಅಂತ ಹುಡುಕಿದರೆ ಸಿಗುವುದು ಗದ್ದೆ. ಅಲ್ಲಿ ಇಳಿಯುವುದು ಕೊಕ್ಕರೆ ಮಾತ್ರ. ಹಾಗಂತ ಹಾರುವವರಿಗೇನೂ ಬರವಿಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ, ತನ್ನದಕ್ಕಿಂತ ಎಷ್ಟೋ ವೇಗದ ಪಾಕ್ ಯುದ್ಧವಿಮಾನ ಸ್ಟಾರ್‌ಫೈಟರನ್ನೇ ಕೆಡವಿದರು. ಮರಳಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಮಳೆಗಾಲದ ನಮ್ಮ ಘಾಟಿ ಬಸ್ಸೂ ಇಷ್ಟು ತಡಮಾಡಿದ್ದಿಲ್ಲ.

2010ರಲ್ಲಿ ಮಂಡಕಳ್ಳಿಗೆ ಮತ್ತೆ ವಿಮಾನ ಬಂತು. ಎಮ್ಮೆ ಎಲ್ಲಿ ಹೋಯಿತೋ!

ಮಡಿಕೇರಿಗೆ ಬಂದಾಗ ದೇವಯ್ಯನವರ ಹೆಸರಿನ ವೃತ್ತದಲ್ಲಿ ಒಂದು ನಿಮಿಷ ನಿಲ್ಲಿ. ಹೇಗೂ ನೀವು ಬರುವುದು ಬಸ್ಸಿನಲ್ಲೇ ತಾನೆ?