ಸಭಾಷ್ಯ ಶಿಶುಭೋಜನ ಮೀಮಾಂಸೆ

ಅಥಾತೋ ತುತ್ತುಜಿಜ್ಞಾಸಾ. ಇದು ಮೊದಲ ಸೂತ್ರ. ಕನ್ನಡದ ತುತ್ತಿಗೆ ಸಂಸ್ಕೃತದ ಜಿಜ್ಞಾಸೆ ಅಂಟಿಸಿದ್ದು ಅರಿಸಮಾಸವೆಂದು ವೈಯಾಕರಣರು ಮುಖ ಸಿಂಡರಿಸಬಹುದು. ಎರಡು ವರ್ಷದ ಮಗುವಿನ ಬಟ್ಟಲಲ್ಲಿ ಏನೇನು ಕಲಸಿರುತ್ತದೆಂದು ಕಂಡವರು ಇಷ್ಟು ಸಣ್ಣ ಬೆರಕೆಗೆ ಹುಬ್ಬೇರಿಸುವುದಿಲ್ಲ. ‘ಅಥ’ ಎಂದರೆ ಅನಂತರ. ಯಾವುದರ ಅನಂತರ? ಅನ್ನಪ್ರಾಶನದ ಅನಂತರ. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಕೊಡಬೇಕೆಂದು ಸುಶ್ರುತ ಸಂಹಿತೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆಗೆ ಪೂರಕ ಆಹಾರ ಎಂದು ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ಶತಮಾನ ದೂರವಿದ್ದೂ ಇವರಿಬ್ಬರ ನಡುವೆ ಜಗಳವಿಲ್ಲ. ಜಗಳವೆಲ್ಲ ಮೂರನೆಯವರದು, ಅವರಿಗೆ ಇನ್ನೂ ಹಲ್ಲು ಪೂರ್ತಿ ಬಂದಿರುವುದಿಲ್ಲ.

ಪೂರ್ವಾಚಾರ್ಯರು ಈ ವಿಷಯದಲ್ಲಿ ನಮ್ಮ ಕೈಬಿಟ್ಟಿದ್ದಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸಿದ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಬಿಗಿದ ತುಟಿಯೊಳಗೆ ಚಮಚ ತೂರಿಸುವ ಬಗೆಯನ್ನು ಇಬ್ಬರಲ್ಲಿ ಯಾರೂ ನಮಗೆ ಕಲಿಸಲಿಲ್ಲ. ರಾಜನಿಗೆ ಬಡಿಸುವುದು ಸುಲಭ. ರಾಜ ಬಟ್ಟಲು ಎಸೆಯುವುದಿಲ್ಲ, ಎಸೆದರೂ ನೆಲ ಒರೆಸುವವರು ಬೇರೆ. ಉಳಿದ ಒಂದೇ ವಿಶ್ವಾಸಾರ್ಹ ಆಕರವೆಂದರೆ ಪುರಂದರದಾಸರು. ಅವರ ಪುಟ್ಟ ಕೃಷ್ಣ ಗುಮ್ಮನ ಹೆಸರು ಕೇಳಿದ್ದೇ ತಡ, ಅಮ್ಮಿ ಕೇಳುವುದಿಲ್ಲ, ಮಮ್ಮು ಉಣ್ಣುತ್ತೇನೆ ಎಂದು ಒಪ್ಪಿಕೊಂಡುಬಿಡುತ್ತಾನೆ. ಬಾಯಲ್ಲಿ ಬ್ರಹ್ಮಾಂಡ ತೋರಿಸಿದವನಿಗೂ ಆ ಬಾಯನ್ನು ತುತ್ತಿಗೆ ತೆರೆಯಲು ಗುಮ್ಮ ಬೇಕಾಯಿತು. ನಮ್ಮ ನಿಮ್ಮ ಮನೆಯವರ ಪಾಡೇನು?

ಈಗ ಪೂರ್ವಪಕ್ಷ. ಮಗುವಿಗೆ ತರ್ಕವಿಲ್ಲ ಎನ್ನುವವರು ನ್ಯಾಯಶಾಸ್ತ್ರ ಓದಿದವರಲ್ಲ. ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿ ಊಹಿಸಲು ತಾರ್ಕಿಕರು ಹತ್ತಿದ ಐದೂ ಮೆಟ್ಟಿಲನ್ನು ಮಗು ಊಟದ ಹೊತ್ತಿಗೆ ಸಲೀಸಾಗಿ ಹತ್ತುತ್ತದೆ. ಪ್ರತಿಜ್ಞೆ: ಈ ದೋಸೆ ವರ್ಜ್ಯ. ಹೇತು: ಹಸಿರು ಚುಕ್ಕೆ ಇರುವುದರಿಂದ. ಉದಾಹರಣೆ: ಎಲ್ಲಿ ಹಸಿರೋ ಅಲ್ಲಿ ಸೊಪ್ಪು, ಮೊನ್ನೆಯ ಪಾಲಕ್ ಪಲ್ಯದ ಹಾಗೆ. ಉಪನಯ: ಇದೂ ಹಾಗೆಯೇ. ನಿಗಮನ: ಬಟ್ಟಲು ನೆಲಕ್ಕೆ. ಅದೇ ಮಗು ನಿನ್ನೆ ಹಸಿರು ಕ್ರೇಯಾನನ್ನು ಅಗಿದು ನುಂಗಿತಲ್ಲ, ಹೇತ್ವಾಭಾಸವಾಗಲಿಲ್ಲವೇ ಎಂದರೆ, ವಾದಿ ಆಗಲೇ ಮೇಜಿನ ಕೆಳಗೆ ಸೇರಿರುತ್ತಾನೆ.

ಹೊಸ ತಿನಿಸಿನ ಈ ಭಯ ಎರಡರಿಂದ ಆರು ವರ್ಷದವರೆಗೆ ಹೆಚ್ಚೆಂದು ಆಹಾರ ವಿಜ್ಞಾನಿಗಳ ಮತ. ಆಗತಾನೇ ನಡೆಯಲು ಕಲಿತ ಕೂಸು ಗೊತ್ತಿಲ್ಲದ ಎಲೆಯನ್ನು ಬಾಯಿಗೆ ಹಾಕದಿದ್ದರೆ ಬದುಕುತ್ತದೆ. ಆದ್ದರಿಂದ ಇದು ಪೂರ್ವಿಕರ ಬಳುವಳಿ ಎಂದು ಊಹೆ. ಚಿಕಿತ್ಸೆ ಒಂದೇ: ಮತ್ತೆ ಮತ್ತೆ ತೋರಿಸುವುದು. ಅಮೆರಿಕದ ಲೀಯನ್ ಬರ್ಚ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿಕೊಟ್ಟಂತೆ, ಒಂದು ತಿನಿಸನ್ನು ಒಪ್ಪಲು ಮಗುವಿಗೆ ಹತ್ತು ಹದಿನೈದು ಸಲ ರುಚಿ ನೋಡುವ ಅವಕಾಶ ಬೇಕಾದೀತು. ನಮ್ಮವರು ಮೂರನೆಯ ಸಲಕ್ಕೇ ‘ಇವಳಿಗೆ ಬೀನ್ಸ್ ಆಗಲ್ಲ’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಛಲ ಬಿಡದ ತ್ರಿವಿಕ್ರಮ ಮೂರನೆಯ ಸಲಕ್ಕೆ ಬೇತಾಳವನ್ನು ಮರದಲ್ಲೇ ಬಿಟ್ಟು ಮನೆಗೆ ಹೋಗಿದ್ದರೆ ಕಥೆಗಳೆಲ್ಲಿರುತ್ತಿದ್ದವು?

ಪ್ರತಿ ಮನೆಯಲ್ಲೂ ಒಬ್ಬರು ವೃತ್ತಿಕಾರರಿದ್ದಾರೆ: ಅಜ್ಜಿ. ಅವರ ವೃತ್ತಿಯ ಮೊದಲ ವಾಕ್ಯ, ‘ಮಗು ಏನೂ ತಿಂತಾನೇ ಇಲ್ಲ ಕಣೇ, ಸೊರಗಿ ಹೋಗಿದೆ.’ ಇದಕ್ಕೆ ಗಣಿತದಿಂದಲೇ ಸಮಾಧಾನ ಹೇಳಬೇಕು. ಹುಟ್ಟಿದಾಗ 3 ಕಿಲೋ ಇದ್ದ ಕೂಸು ವರ್ಷ ತುಂಬುವಾಗ ಸುಮಾರು 9 ಕಿಲೋ, ಅಂದರೆ ಮೂರು ಪಟ್ಟು. ಅಜ್ಜಿಯ ಇಚ್ಛೆಯಂತೆ ಅದೇ ವೇಗದಲ್ಲಿ ತಿನ್ನುತ್ತಾ ಹೋದರೆ ಎರಡನೆಯ ಹುಟ್ಟುಹಬ್ಬಕ್ಕೆ 27, ಮೂರನೆಯದಕ್ಕೆ 81, ನಾಲ್ಕನೆಯದಕ್ಕೆ 243 ಕಿಲೋ. ಮಗು ದೂರದೃಷ್ಟಿಯುಳ್ಳದ್ದಾದ್ದರಿಂದ ಎರಡನೆಯ ವರ್ಷದಲ್ಲಿ ಎರಡು, ಎರಡೂವರೆ ಕಿಲೋಗೆ ನಿಲ್ಲಿಸಿಕೊಳ್ಳುತ್ತದೆ. ಹಸಿವು ತಗ್ಗುವುದು ಅದಕ್ಕೇ. ತೂಕ ನಿಜವಾಗಿ ಇಳಿಯುತ್ತಿದ್ದರೆ ಮಾತ್ರ ಮೀಮಾಂಸೆ ಬಿಟ್ಟು ಡಾಕ್ಟರ ಬಳಿ ಹೋಗಬೇಕು. ಅಂದಹಾಗೆ, ‘ಊಟ ಮಾಡದಿದ್ದರೆ ಹಾಲಾದರೂ ಕುಡೀಲಿ’ ಎಂಬ ಅಜ್ಜಿಯ ಎರಡನೆಯ ವಾಕ್ಯ ಮೊದಲನೆಯದಕ್ಕೆ ತಾನೇ ಕಾರಣ. ದಿನಕ್ಕೆ ಅರ್ಧ ಲೀಟರ್ ದಾಟಿದ ಹಸುವಿನ ಹಾಲು ಹಸಿವನ್ನೂ ಕೊಲ್ಲುತ್ತದೆ, ಮೈಗೆ ಕಬ್ಬಿಣವನ್ನೂ ಕಡಿಮೆ ಮಾಡುತ್ತದೆ.

ಹಾಗಾದರೆ ಮಗುವಿನ ಇಷ್ಟಕ್ಕೇ ಬಿಡುವುದೇ? ಈ ಸಂಶಯ ಶಿಕಾಗೋದ ಕ್ಲಾರಾ ಡೇವಿಸ್ ಎಂಬ ವೈದ್ಯೆಗೂ ಬಂತು. ಆಗಷ್ಟೇ ಹಾಲು ಬಿಟ್ಟ ಕೂಸುಗಳ ಮುಂದೆ ಹಲವು ತಿನಿಸುಗಳನ್ನಿಟ್ಟು, ಆರಿಸಿಕೊಳ್ಳಿ ಎಂದು ಆಕೆ ಸುಮ್ಮನೆ ಕೂತರು. ಮೊದಲ ವರದಿ 1928ರಲ್ಲಿ ಬಂತು. 1939ರ ಹೊತ್ತಿಗೆ ಮಕ್ಕಳ ಲೆಕ್ಕ 15. ಅವರ ಊಟಗಳು ವಿಚಿತ್ರ: ಒಂದು ಬೆಳಗಿಗೆ ಕಿತ್ತಳೆ ರಸದ ಜೊತೆ ಯಕೃತ್ತು, ಒಂದು ರಾತ್ರಿಗೆ ಬರೀ ಮೊಟ್ಟೆ, ಬಾಳೆಹಣ್ಣು, ಹಾಲು. ಆದರೂ ಎಲ್ಲರೂ ಗಟ್ಟಿಮುಟ್ಟಾಗಿ ಬೆಳೆದರು. ರಿಕೆಟ್ಸ್ ಇದ್ದ ಕೂಸು ತಾನಾಗಿಯೇ ಕಾಡ್ ಲಿವರ್ ಎಣ್ಣೆ ಕುಡಿಯಿತು. ಗುಟ್ಟು ಇದ್ದದ್ದು ಪಟ್ಟಿಯಲ್ಲಿ. ಅದರಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕತ್ತು ಇರಲಿಲ್ಲ. ಅಂಗಡಿಯ ಚಿಪ್ಸ್ ಪೊಟ್ಟಣವನ್ನು ಕಪಾಟಿನಲ್ಲಿಟ್ಟುಕೊಂಡು ಮಗುವಿಗೆ ಸ್ವಾತಂತ್ರ್ಯ ಕೊಡುವವರು ಡೇವಿಸ್ ಹೆಸರು ಎತ್ತಬಾರದು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಹಕ್ಕು. ತಿನ್ನಬೇಕೇ, ಎಷ್ಟು ಎಂಬುದು ಮಗುವಿನ ಹಕ್ಕು ಎಂದು ಎಲಿನ್ ಸ್ಯಾಟರ್ ಎಂಬ ಪಥ್ಯತಜ್ಞೆ ಮುಂದೆ ಗಡಿ ಎಳೆದರು. ಪ್ರಬಂಧಕಾರರ ಸಿದ್ಧಾಂತವೂ ಇದೇ: ಬಟ್ಟಲು ನಮ್ಮದು, ಹೊಟ್ಟೆ ಅವರದು. ಉಳಿದದ್ದೆಲ್ಲ ವ್ಯಾಖ್ಯಾನ.

ಇನ್ನು ಪ್ರಯೋಗ ಪಾದ. ಸಂಜೆ ಏಳಕ್ಕೆ ಮಗು ರಚ್ಚೆ ಹಿಡಿದಾಗ ಸೂತ್ರ ಸಾಲದು, ಕುಕ್ಕರ್ ಬೇಕು. ಎರಡು ಹಿಡಿ ಅಕ್ಕಿ, ಒಂದು ಹಿಡಿ ಹೆಸರುಬೇಳೆ, ಸಿಹಿಕುಂಬಳದ ನಾಲ್ಕು ಹೋಳು, ಚಿಟಿಕೆ ಅರಿಸಿನ, ನಾಲ್ಕು ಕೂಗು. ಮೇಲೆ ತುಪ್ಪ, ಅರ್ಧ ಚಮಚ ನಿಂಬೆರಸ. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕೊರತೆಯಿರುವ ಮಿಥಿಯೊನಿನ್ ಅಕ್ಕಿಯಲ್ಲಿದೆ; ಇವೆರಡರ ದಾಂಪತ್ಯವೇ ಪೊಂಗಲ್. ಬೇಳೆಯ ಕಬ್ಬಿಣವನ್ನು ಮೈಗೆ ಹತ್ತಿಸುವ ಮಧ್ಯಸ್ಥಿಕೆ ನಿಂಬೆಯ ಸಿ ಜೀವಸತ್ವದ್ದು. ಅಕ್ಕಿ ತೊಳೆಯುವಷ್ಟೂ ತಾಳ್ಮೆ ಇಲ್ಲದ ದಿನ ತೆಳು ಅವಲಕ್ಕಿ ನೆನೆಸಿ ಮೊಸರು ಕಲಸಿ, ಏಲಕ್ಕಿ ಬಾಳೆಹಣ್ಣು ಹಿಸುಕಿದರೆ ಐದು ನಿಮಿಷದಲ್ಲಿ ಶಾಸ್ತ್ರ ಮುಗಿಯಿತು. ರಾಗಿ ಹಿಟ್ಟಿಗೆ ಮಜ್ಜಿಗೆ ಹುಯ್ದು, ಸೌತೆಕಾಯಿ ತುರಿದು ಹಾಕಿದರೆ ದಿಢೀರ್ ದೋಸೆ. ಮೊಟ್ಟೆ ತಿನ್ನುವ ಮನೆಯಾದರೆ ಅದರ ಮೇಲೊಂದು ಒಡೆದು ಹರಡಿದರಾಯಿತು. ಕಲಬುರಗಿ ಕಡೆ ಬಿಸಿ ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸುತ್ತಾರೆ, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಗೆ ಮುಳ್ಳು ತೆಗೆದ ಮೀನು. ಪಂಥ ಯಾವುದಾದರೂ ದೀಕ್ಷೆ ಕೊಡುವ ಗುರು ಹಸಿವೆ.

ರಾಗಿ ಸರಿಗೆ ಪ್ರತ್ಯೇಕ ಪ್ರಕರಣವೇ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದಕ್ಕೆ ಎದುರಾಳಿಯಿಲ್ಲ. ರಾಗಿ ಮೊಳೆತಾಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಮೊಳಕೆ ಹಿಟ್ಟಿನ ಸರಿ ಅಂಟುಗಟ್ಟದೆ ತೆಳುವಾಗಿರುತ್ತದೆ. ಅದೇ ಪುಟ್ಟ ಬಟ್ಟಲಿಗೆ ಹೆಚ್ಚು ಹಿಟ್ಟು, ಹೆಚ್ಚು ಕಸುವು ಹಿಡಿಸಬಹುದು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ಅಳೆದು ಪ್ರಕಟಿಸಿದರು. ಅಜ್ಜಿ ಒದ್ದೆ ಬಟ್ಟೆಯಲ್ಲಿ ರಾಗಿ ಕಟ್ಟಿಟ್ಟು, ಏನೂ ಪ್ರಕಟಿಸದೆ, ಮಾರನೆಯ ದಿನ ಬಿಸಿಲಿಗೆ ಹರವಿದರು. ಇಲ್ಲಿ ಅಜ್ಜಿಯ ವೃತ್ತಿಗೆ ನಮ್ಮ ಪೂರ್ಣ ಸಮ್ಮತಿ.

ನಿಷೇಧ ವಾಕ್ಯಗಳಲ್ಲಿ ಹಾಸ್ಯವಿಲ್ಲ. ವರ್ಷದೊಳಗೆ ಜೇನುತುಪ್ಪ ಬೇಡ, ಬಾಟ್ಯುಲಿಸಂ ಭಯವಿದೆ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ; ಬೀಜವನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ.

ಬಡಿಸುವ ಕಲೆ ಅವಧಾನದ ಜಾತಿಯದು. ಒಂದು ಕೈಯಲ್ಲಿ ತುತ್ತು, ಒಂದು ಕಣ್ಣು ಒಲೆಯ ಮೇಲೆ, ಒಂದು ಕಿವಿ ಕಾಲಿಂಗ್ ಬೆಲ್ ಕಡೆ. ನಡುವೆ ಅಪ್ರಸ್ತುತ ಪ್ರಸಂಗಿಯಾಗಿ ಮಗು: ‘ಆನೆ ಯಾಕೆ ಚಡ್ಡಿ ಹಾಕಲ್ಲ?’ ಸೋತ ಅವಧಾನಿ ಮೊಬೈಲ್ ಹಚ್ಚುತ್ತಾರೆ. ಬಾಯಿ ತೆರೆಯುತ್ತದೆ, ನಿಜ. ಆದರೆ ಆ ಬಾಯಿಗೆ ಹೊಟ್ಟೆಯ ಸುದ್ದಿ ತಲುಪುವುದಿಲ್ಲ. ಇದಕ್ಕಿಂತ ಚಂದಮಾಮ ವಾಸಿ. ಅವನು ರೀಚಾರ್ಜ್ ಕೇಳುವುದಿಲ್ಲ.

ಉಳಿದದ್ದು ಉಚ್ಛಿಷ್ಟ ವಿಚಾರ: ಬಟ್ಟಲಲ್ಲಿ ಮಿಕ್ಕದ್ದನ್ನು ಯಾರು ತಿನ್ನಬೇಕು? ಸಿಂಕಿನ ಮುಂದೆ ನಿಂತು ಮುಗಿಸುವ ಅಮ್ಮಂದಿರ ಸೀರೆ ಕುಪ್ಪಸಗಳು ಈ ಪ್ರಶ್ನೆಗೆ ವರ್ಷಗಳಿಂದ ಸಾಕ್ಷಿ ನುಡಿಯುತ್ತಿವೆ. ಎರಡೇ ಚಮಚ ಬಡಿಸಿ, ಕೇಳಿದರೆ ಮತ್ತೆರಡು ಎಂಬುದು ಒಂದು ಪರಿಹಾರ. ಇನ್ನೊಂದು, ಎಲ್ಲರೂ ಒಟ್ಟಿಗೆ ಕೂರುವುದು. ತನ್ನ ಬಟ್ಟಲಿನ ಹುರುಳಿಕಾಯಿ ಪಲ್ಯವನ್ನು ವಿಷದಂತೆ ಕಂಡ ಮಗು ಅಪ್ಪನ ತಟ್ಟೆಯ ಅದೇ ಪಲ್ಯಕ್ಕೆ ಕೈ ಹಾಕುವುದು ಸರ್ವದೇಶ ಸರ್ವಕಾಲ ಪ್ರಸಿದ್ಧ. ಆದ್ದರಿಂದ ಮಗುವಿನ ಪಾಲನ್ನು ಅಪ್ಪನ ತಟ್ಟೆಗೇ ಬಡಿಸಿ, ಅಪ್ಪ ‘ಇದು ನಂದು, ಕೊಡಲ್ಲ’ ಎಂದು ಒಂದೆರಡು ಸಲ ಪ್ರತಿಭಟಿಸಬೇಕು. ಒಗ್ಗರಣೆಗೆ ಮೆಣಸಿನಕಾಯಿ ಬೀಳುವ ಮುಂಚೆ ಒಂದು ಸೌಟು ಪಲ್ಯ ಎತ್ತಿಡದ ಮನೆಗಳಿಗೆ ಈ ವಿಧಿ ಅನ್ವಯಿಸುವುದಿಲ್ಲ.