ಇನ್ನೂ ಸ್ವಲ್ಪ ದಿನ ಬರುತ್ತೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಯಜಮಾನರೊಬ್ಬರು ಇದ್ದೇ ಇರುತ್ತಾರೆ. ಬೆಳಗಿನ ಕಾಫಿ ಮುಗಿಸಿ, ಲುಂಗಿ ಮೇಲಕ್ಕೆ ಕಟ್ಟಿ, ಯೆಜ್ಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪ್ಲಗ್ ಉಜ್ಜುತ್ತಿರುತ್ತಾರೆ. ಆ ಪ್ಲಗ್ ಯಾವ ಕಾಲದ್ದು ಎಂದು ಕೇಳಬಾರದು. ಹೊಸದು ಹಾಕಿಸಬಾರದೇ ಎಂದಂತೂ ಕೇಳಲೇಬಾರದು.

“ಯಾಕೆ, ಇದಕ್ಕೇನಾಗಿದೆ? ಇನ್ನೂ ಸ್ವಲ್ಪ ದಿನ ಬರುತ್ತೆ.”

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕು ತಯಾರಾಗತೊಡಗಿದ್ದು 1961ರಲ್ಲಿ, ಜೆಕೊಸ್ಲೊವಾಕಿಯಾದ ತಂತ್ರಜ್ಞಾನದಿಂದ. ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ಬಾಗಿಲು ಮುಚ್ಚಿದ್ದು 1996ರಲ್ಲಿ. ಇದನ್ನೆಲ್ಲ ಯಜಮಾನರು ತಡವರಿಸದೆ ಹೇಳುತ್ತಾರೆ; ತಮ್ಮ ಮದುವೆಯ ಇಸವಿಗೆ ಮಾತ್ರ ಅಡುಗೆಮನೆಯಿಂದ ತಿದ್ದುಪಡಿ ಬರುತ್ತದೆ. ಅವರ ಹಟಕ್ಕೆ ಕಾರಣ ಈ ಕೊನೆಯ ಇಸವಿಯೇ. ಕಾರ್ಖಾನೆಯೇ ಇಲ್ಲದ ಮೇಲೆ ಒರಿಜಿನಲ್ ಪಾರ್ಟ್ ಎಲ್ಲಿಂದ ಬರಬೇಕು? ಅಂಗಡಿಯವನು ತೋರಿಸುವುದು ಬೇರೆಲ್ಲೋ ಎರಕ ಹೊಯ್ದದ್ದು. ಅದನ್ನು ಇವರು ಅಂಗೈಯಲ್ಲಿ ತೂಗಿ, ಉಗುರಿನಿಂದ ತಟ್ಟಿ, “ಸೌಂಡೇ ಇಲ್ವಲ್ಲಪ್ಪ” ಎಂದು ವಾಪಸ್ ಇಡುತ್ತಾರೆ.

ಇಷ್ಟರ ಮಟ್ಟಿಗೆ ಅವರ ಮಾತು ಸರಿ. ಸಿಲಿಂಡರ್ ಸವೆದು ಪಿಸ್ಟನ್ ಸಡಿಲವಾದರೆ ಸಿಲಿಂಡರನ್ನೇ ಬಿಸಾಡಬೇಕಾಗಿಲ್ಲ. ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸಬಹುದು. ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು. ಅದೂ ಮುಗಿದರೆ ಒಳಗೆ ಸ್ಲೀವ್ ಹೊಡೆಸಿ ಮತ್ತೆ ಸ್ಟ್ಯಾಂಡರ್ಡಿನಿಂದ ಶುರು. ಪುನರ್ಜನ್ಮವನ್ನು ನಂಬದ ಯಜಮಾನರು ಇದನ್ನು ನಂಬುತ್ತಾರೆ. ತೊಂದರೆ ಏನೆಂದರೆ, ಸಿಲಿಂಡರಿಗೆ ಸಲ್ಲುವ ನ್ಯಾಯವನ್ನೇ ಕೇಬಲ್ಲಿಗೂ ಟಯರಿಗೂ ಬ್ರೇಕಿಗೂ ಹೇಳುತ್ತಾರೆ. ಎಳೆ ಹರಿದ ಕ್ಲಚ್ ಕೇಬಲ್ಲಿಗೆ ಬೆಸುಗೆ ಬೀಳುತ್ತದೆ. ಬೆಸುಗೆ ಬಿಟ್ಟ ದಿನವೂ ಅವರು ಅಂಜುವುದಿಲ್ಲ. ಯೆಜ್ಡಿಯಲ್ಲಿ ಗೇರ್ ಪೆಡಲ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದಲ್ಲ!

ಚೈನಿನ ವಿಷಯವನ್ನು ಮಾತ್ರ ಈ ಬರಹಗಾರ ಅಷ್ಟು ಸುಲಭವಾಗಿ ಮರೆಯುವವನಲ್ಲ. ಎದುರು ಮನೆಯವನಾದ್ದರಿಂದ ಹಿಂದಿನ ಸೀಟು ಅವನ ಪಾಲಿನದು.

ಚೈನು ಉದ್ದವಾಯಿತು ಎನ್ನುತ್ತೇವೆ. ನಿಜದಲ್ಲಿ ಯಾರೂ ಅದನ್ನು ಎಳೆದು ಉದ್ದ ಮಾಡಿರುವುದಿಲ್ಲ. ಪಿನ್ನು, ಬುಷ್ಷು ಸವೆದು ಕೊಂಡಿ ಕೊಂಡಿಗೂ ಅಂತರ ಹೆಚ್ಚಿರುತ್ತದೆ. ಹಾಗೆ ಸಡಿಲಾದ ಚೈನು ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ತನ್ನ ಅಳತೆಗೆ ಕೊಕ್ಕೆಯ ಹಾಗೆ ಸವೆಸಿಬಿಡುತ್ತದೆ. ಅದಕ್ಕೇ ಚೈನು, ಮುಂದಿನ ಸ್ಪ್ರಾಕೆಟ್ಟು, ಹಿಂದಿನ ಸ್ಪ್ರಾಕೆಟ್ಟು ಮೂರನ್ನೂ ಸೆಟ್ಟಾಗಿ ಹಾಕಿಸಿ ಎಂದು ಮೆಕ್ಯಾನಿಕ್ ಬಡಕೊಳ್ಳುವುದು. ಯಜಮಾನರ ಬೈಕಿನ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇದೆ. ಕಣ್ಣಿಗೆ ಬೀಳದ್ದು ಸವೆದಿಲ್ಲ ಎಂಬುದು ಅವರ ಲೆಕ್ಕ. ತೀರಾ ಸಡಿಲವಾದರೆ ಒಂದು ಕೊಂಡಿ ತೆಗೆಸುತ್ತಾರೆ.

ಹೀಗಿರುವಾಗ ನಂಜನಗೂಡಿನಲ್ಲೊಂದು ಮದುವೆ. ಕಡಕೊಳ ದಾಟುತ್ತಿದ್ದಂತೆ ಕವರಿನೊಳಗೆ ಪಾತ್ರೆ ಬಿದ್ದ ಸದ್ದು. ಇಂಜಿನ್ ಭೋರೆನ್ನುತ್ತಿದೆ, ಗಾಡಿ ನಿಂತಿದೆ. ಯಜಮಾನರು ರೇಷ್ಮೆ ಶಲ್ಯವನ್ನು ಹ್ಯಾಂಡಲ್ಲಿಗೆ ಸುತ್ತಿ, ಕವರ್ ಬಿಚ್ಚಿ, “ಚೈನ್ ಲಾಕ್ ಹೋಗಿದೆ ಅಷ್ಟೇ” ಎಂದರು, ಹೋದದ್ದು ಯಾರದೋ ಲಾಕ್ ಎಂಬಂತೆ. ಲಾಕೂ ಕವರಿನಲ್ಲೇ ಸಿಗಬೇಕಿತ್ತು. ಆದರೆ ಕವರಿನ ತಳದಲ್ಲೂ ಒಂದು ತೂತು, ಅದೂ ಇನ್ನೂ ಸ್ವಲ್ಪ ದಿನ ಬರಬೇಕಾಗಿದ್ದ ತೂತು. ಹಿಂದಿನ ಸೀಟಿನವನು ಇಸ್ತ್ರಿ ಮಾಡಿದ ಪಂಚೆ ಎತ್ತಿ ಕಟ್ಟಿ, ಬಿಸಿಲಲ್ಲಿ ಬಂದ ದಾರಿಯಲ್ಲೇ ತಲೆ ಬಗ್ಗಿಸಿ ನಡೆದ. ಸಿಕ್ಕಿದ್ದು ಸೋಡಾ ಬಾಟಲಿ ಮುಚ್ಚಳಗಳು, ಒಂದು ಲಾಳ. ಬರಿಗೈಲಿ ಮರಳಿದಾಗ ಯಜಮಾನರು ನೆರಳಲ್ಲಿ ಕೂತಿದ್ದರು. ಟೂಲ್ ಬಾಕ್ಸಿನಲ್ಲಿ ಒಂದಲ್ಲ, ಮೂರು ಹೊಸ ಲಾಕುಗಳು. ಮೊದಲೇ ಹಾಕಬಾರದಿತ್ತೇ? “ಹಳೇದು ಸಿಕ್ಕಿದ್ರೆ ಹೊಸದು ಯಾಕೆ ವೇಸ್ಟು ಅಂತ.” ಕೊನೆಯ ಪಂಕ್ತಿಯಲ್ಲಿ ಹೋಳಿಗೆ ಖಾಲಿಯಾಗಿತ್ತು.

ಮರುದಿನ ಹೊಸ ಚೈನು ಬಂತು. ಚೈನು ಮಾತ್ರ. ಮೆಕ್ಯಾನಿಕ್ ಹಳೆಯ ಸ್ಪ್ರಾಕೆಟ್ಟನ್ನು ಎತ್ತಿ ಹಿಡಿದು, “ಕಡಲೆ ತಂದ್ರಿ ಸಾರ್, ಹಲ್ಲೆಲ್ಲಿದೆ?” ಎಂದ. ಯಜಮಾನರು ಜೋರಾಗಿ ನಕ್ಕರು. ಸ್ಪ್ರಾಕೆಟ್ಟು ಬದಲಾಗಲಿಲ್ಲ.

ಉಳಿದ ಗುಣಗಳನ್ನು ಹೀಗೆ ಹೇಳಿ ಮುಗಿಸಬಹುದು. ಶೆಲ್ಫಿನಲ್ಲಿ ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ನಟ್ಟು ಬೋಲ್ಟಿನ ಬಾಟಲಿಗಳು. ಮನೆಯವರು ಒಂದೆರಡು ಬಾರಿ ಅದಲುಬದಲು ಮಾಡಿದ್ದೂ ಉಂಟು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮೆಟ್ಟಿಲು; ಬೈಕಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿಸಿದ್ದು ತಮ್ಮೊಬ್ಬರ ಮೇಲಿನ ಹಗೆಯಿಂದ ಎಂದು ಅವರ ಗುಮಾನಿ. ಅದೇ ವರ್ಷ ಯೆಜ್ಡಿ ಹೆಸರಿನಲ್ಲೇ ಹೊಸ ಫೋರ್ ಸ್ಟ್ರೋಕ್ ಬೈಕುಗಳು ಬಂದಾಗ ಮಗ ಶೋರೂಮಿಗೆ ಕರೆದೊಯ್ದಿದ್ದ. ಸುತ್ತಲೂ ನೋಡಿ, “ಹೊಗೇನೇ ಬಿಡಲ್ವಲ್ಲೋ” ಎಂದು ಹೊರಬಂದರು.

ಅವರನ್ನು ಸೋಲಿಸಿದ್ದು ಬ್ರೇಕು. ಶೂವಿನ ಲೈನರ್ ಸವೆದು ರಿವೆಟ್ ಮೇಲೆ ಬಂದಿತ್ತು. “ಸ್ವಲ್ಪ ದಿನ” ಓಡಿಸಿದ್ದಕ್ಕೆ ರಿವೆಟ್ಟು ಡ್ರಮ್ಮಿನ ಒಳಮೈಗೆ ಗೀರು ಹಾಕಿತು. ಲೈನರ್ ಇರುವುದೇ ಸವೆಯುವುದಕ್ಕೆ, ಅದೂ ಡ್ರಮ್ ಸವೆಯದಿರಲಿ ಎಂದು. ಬೀದಿ ಕೊನೆಯಲ್ಲಿ ಹೊಡೆದುಕೊಡುತ್ತಾರೆ. ಡ್ರಮ್ಮು ಮಾತ್ರ ಯಾದವಗಿರಿಯದ್ದು. ಲೇತಿನಲ್ಲಿ ಗೀರು ತೆಗೆಸಬಹುದು, ಆದರೆ ಹಾಗೆ ಎಷ್ಟು ಸಲ ತೆಗೆಸಲಾದೀತು? ಆ ದಿನ ಯಜಮಾನರು ಡ್ರಮ್ಮಿನೊಳಗೆ ಹೆಬ್ಬೆರಳು ಆಡಿಸುತ್ತಾ ತುಂಬ ಹೊತ್ತು ಮಾತಾಡಲಿಲ್ಲ. ಲೇತಿನ ಮುದುಕರು ಈಗ ಮಧ್ಯಾಹ್ನದ ಮೇಲೆ ಅಂಗಡಿ ತೆಗೆಯುವುದಿಲ್ಲ. ಮೆಕ್ಯಾನಿಕ್‌ನ ಮಗನಿಗೆ ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸಿನಲ್ಲಿ ಕೆಲಸ. ಗಾಡಿಯ ಪಾರ್ಟಿಗಿಂತ ಗಾಡಿ ಬಲ್ಲವರೇ ಬೇಗ ಸಿಗದಂತಾಗುತ್ತಿದ್ದಾರೆ. ಅಂದು ಹೊಸ ಶೂ ಹಾಕಿಸಲು ಅವರು ತಕರಾರು ತೆಗೆಯಲಿಲ್ಲ. ಎದುರು ಮನೆಯವನಿಗೆ ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ.

ಈಚೆಗೆ ಬೆಂಗಳೂರಿನ ಹುಡುಗನೊಬ್ಬ ಗಾಡಿ ಕೇಳಿಕೊಂಡು ಬಂದಿದ್ದ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಓಡಿಸಬೇಕಂತೆ. ಹೇಳಿದ ಬೆಲೆಗೆ ಯಜಮಾನರ ಹುಬ್ಬು ಏರಿತು. ಒಳಗಿನಿಂದ ಎರಡನೇ ಸುತ್ತಿನ ಕಾಫಿಯೂ ಬಂತು.

“ತಗೊಂಡು ಏನ್ ಮಾಡಿಸ್ತೀಯಪ್ಪ?”

“ಪೂರ್ತಿ ಬಿಚ್ಚಿಸಿ ಎಲ್ಲಾ ಹೊಸದು ಹಾಕಿಸ್ತೀನಿ ಅಂಕಲ್. ಮನೇಲಿ ಇನ್ನೊಂದಿದೆ, ಅದಕ್ಕೂ ಹಾಗೇ ಮಾಡಿಸ್ತಾ ಇದೀನಿ.”

ವ್ಯಾಪಾರ ಅಲ್ಲಿಗೆ ಮುರಿಯಿತು. ಹುಡುಗ ಗೇಟು ದಾಟುವಷ್ಟರಲ್ಲಿ ಯಜಮಾನರು ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿದರು.

“ಆ ಇನ್ನೊಂದು ಗಾಡೀದು ಬಿಚ್ಚಿರೋ ಹಳೇ ಪಾರ್ಟ್ಸು ಏನ್ ಮಾಡಿದೆ?”

“ಗುಜರಿಗೆ ಅಂತ ಮೂಟೆ ಕಟ್ಟಿಟ್ಟಿದೀನಿ ಅಂಕಲ್.”

“ಬ್ರೇಕ್ ಡ್ರಮ್ ಇದೆಯಾ ಅದರಲ್ಲಿ? ತಡಿ, ನಿನ್ನ ಫೋನ್ ನಂಬರ್ ಹೇಳು.”