ಡೇಟಾಬೇಸಣ್ಣ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂರಿನ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಮಾದೇವಾ" ಎಂದು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಉಳಿದವರಿಗೆ ಸಿದ್ದರಾಜು, ರಂಗಸ್ವಾಮಿ ಎಂಬ ಇನ್ನೆರಡು ಕೂಗು ಸಾಕು. ಇಂಥ ಸೀಮೆಯಲ್ಲಿ ಹುಟ್ಟಿ ಡೇಟಾಬೇಸ್ ಕಲಿಯಲು ಹೊರಟವನು ನಮ್ಮ ಡೇಟಾಬೇಸಣ್ಣ. ನಿಜವಾದ ಹೆಸರು? ಮಾದೇವಸ್ವಾಮಿಯೇ, ಮತ್ತೇನು.

ಅವನನ್ನು ನೀವೂ ನೋಡಿರುತ್ತೀರಿ. ಡಿಗ್ರಿ ಮುಗಿದಿದೆ, ಬೆಂಗಳೂರಿನ ಕೆಲಸ ಇನ್ನೇನು ಬಂತು ಎನ್ನುತ್ತಲೇ ಇದೆ, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಏರಿದೆ. ಅವನ ಸಾಫ್ಟ್‌ವೇರನ್ನು ಅಪ್ಪಿತಪ್ಪಿ "ಬಿಟ್ಟಿ" ಎಂದಿರೋ, ಟೀ ಆರಿದರೂ ಓಪನ್ ಸೋರ್ಸ್ ಪಾಠ ಮುಗಿಯದು. ವಿಡೇನಿಯಸ್ ಎಂಬಾತ ತಾನು ಕಟ್ಟಿದ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಮಗಳು ಮೈಯ ಹೆಸರನ್ನು ಇಟ್ಟದ್ದು, 2010ರಲ್ಲಿ ಅದು ಒರಾಕಲ್ ಪಾಲಾದದ್ದು, ಅದರಿಂದ ಕವಲೊಡೆದ ಮರಿಯಾಡಿಬಿಗೆ ಚಿಕ್ಕ ಮಗಳು ಮರಿಯಾಳ ಹೆಸರು ಬಂದದ್ದು, ಎಲ್ಲವನ್ನೂ ದಾಯಾದಿಗಳ ಪಾಲುಪಾರಿಕತ್ತಿನಂತೆ ವರದಿ ಮಾಡುತ್ತಾನೆ. ಅವನ ಓಟು ಮಾತ್ರ ಪೋಸ್ಟ್‌ಗ್ರೆಸ್‌ಗೆ: "1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು ಕಣಣ್ಣ, ನನಗಿಂತ ಹಿರಿಯದು!"

ಕಲಿತದ್ದು ಕೈಗೆ ಹತ್ತಲೆಂದು ಮನೆಯ ಮುಯ್ಯಿ ಪುಸ್ತಕಕ್ಕೇ ಕೈಹಾಕಿದ. ಹೆಸರನ್ನು ಪ್ರೈಮರಿ ಕೀ, ಅಂದರೆ ಎರಡು ಸಲ ಬರಬಾರದ ಗುರುತು, ಮಾಡಿದ್ದರಿಂದ ಎರಡನೇ ಮಾದೇವ ಬರುತ್ತಲೇ ಪೋಸ್ಟ್‌ಗ್ರೆಸ್ ಬಾಗಿಲು ಹಾಕಿತು. ಎಲ್ಲರಿಗೂ ನಂಬರು ಕೊಟ್ಟ. "ನೂರಾ ಹನ್ನೆರಡನೇ ಮಾದೇವ ಯಾವನ್ಲಾ? ಹುಣ್ಸೇಮರದ್ ಮಾದೇವ ಅನ್ನು, ಗೊತ್ತಾಯ್ತದೆ" ಎಂದಳು ಅವ್ವ.

ಊರು, ತಾಲ್ಲೂಕು, ಜಿಲ್ಲೆಗಳಿಗೆ ಬೇರೆ ಬೇರೆ ಟೇಬಲ್. ಇಲ್ಲಿ ಮಾತ್ರ ಅವನನ್ನು ಮೆಚ್ಚಲೇಬೇಕು. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಒಬ್ಬೊಬ್ಬ ನೆಂಟನ ಮುಂದೆಯೂ ಜಿಲ್ಲೆ ಬರೆದಿಟ್ಟರೆ ಸರ್ಕಾರ ಗಡಿ ಬದಲಿಸಿದಾಗಲೆಲ್ಲ ಪುಸ್ತಕವಿಡೀ ತಿದ್ದಬೇಕು. ತಾಲ್ಲೂಕಿನ ಟೇಬಲ್ಲಿನಲ್ಲಿದ್ದರೆ ಒಂದೇ ಸಾಲು. "ಇದೇ ನಾರ್ಮಲೈಸೇಷನ್" ಎಂದ. "ಜಿಲ್ಲೆ ನೋಡ್ಕೊಂಡು ಯಾರ್ಲಾ ಮುಯ್ಯಿ ಹಾಕಾರು?" ಎಂದಳು ಅವ್ವ.

ಚಿಕ್ಕಪ್ಪನ ಮಗಳ ಮದುವೆಯಲ್ಲಿ ಲ್ಯಾಪ್‌ಟಾಪ್ ಸಮೇತ ಮುಯ್ಯಿ ಬರೆಯಲು ಕುಳಿತ. ಗಡಿಯಾಚೆಯ ತಾಳವಾಡಿ ಕಡೆಯ ನೆಂಟರೊಬ್ಬರು ಐನೂರೊಂದು ನೀಡಿದರು. ಅವರ ಊರು ಟೇಬಲ್ಲಿನಲ್ಲಿರಲಿಲ್ಲ, ಫಾರಿನ್ ಕೀ ಒಪ್ಪಲಿಲ್ಲ. "ತಗಳಕಾಗಲ್ಲ ದೊಡ್ಡಪ್ಪ, ಮೊದ್ಲು ನಿಮ್ಮೂರು ಸೇರಿಸ್ಬೇಕು" ಎಂದದ್ದೇ, ಅವರು ಉಣ್ಣದೆ ಹೊರಟರು; ನಾಲ್ಕು ಜನ ಹಿಡಿದು ಪಂಕ್ತಿಗೆ ಕೂರಿಸಬೇಕಾಯಿತು. ಖಾಲಿ ಕವರೊಂದು ಬಂದಾಗಲಂತೂ ಅವನಿಗೆ ಉತ್ಸಾಹ ಉಕ್ಕಿತು: "ಒಡೆದು ನೋಡಿದಾಗ ಏನೂ ಇಲ್ಲದಿದ್ದರೆ ಸೊನ್ನೆ, ಇನ್ನೂ ಒಡೆಯದಿದ್ದರೆ ನಲ್. ಎರಡೂ ಒಂದೇ ಅಲ್ಲ!" ಕವರು ಕೊಟ್ಟವರು ಪಕ್ಕದಲ್ಲೇ ನಿಂತಿದ್ದರು.

ಹೋದ ವಾರ ಹನೂರಿನ ಹುಣ್ಸೇಮರದ್ ಮಾದೇವನ ಮಗನ ಮದುವೆ. ಎಷ್ಟು ಹಾಕಬೇಕೆಂದು ಅವ್ವ ಕೇಳಿದಳು. ಮೂರು ಟೇಬಲ್ ಜಾಯಿನ್ ಮಾಡಿ, ಕಣ್ಣು ಮಿಟುಕಿಸುವುದರೊಳಗೆ "ಐನೂರೊಂದು" ಎಂದ.

"ಅವ್ನು ನಿಮ್ಮಕ್ಕನ್ ಮದ್ವೆಗೆ ಎರಡು ಮೂಟೆ ಭತ್ತನೂ ಇಳಿಸಿದ್ನಲ್ಲ, ಅದೆಲ್ಲದೆ?"

ಭತ್ತಕ್ಕೆ ಕಾಲಮ್ಮೇ ಇರಲಿಲ್ಲ. ಆಲ್ಟರ್ ಟೇಬಲ್ ಎಂದು ಕುಳಿತ. ಭತ್ತ ಬಂದರೆ ರಾಗಿ ಬರಬೇಕು, ಮೂಟೆಯಾದರೆ ಅಳತೆಗೊಂದು ಟೇಬಲ್ ಬೇಕು, ಪಾತ್ರೆ ಕೊಟ್ಟವರದ್ದು ಬೇರೆ.

ಅವ್ವ ಎರಡು ಮೂಟೆ ಭತ್ತದ ಜೊತೆ ಸಾವಿರದೊಂದು ಮುಯ್ಯಿ ಹಾಕಿ, ಉಂಡು ಬಂದಳು. ಇವನು ಪಾತ್ರೆಯ ಟೇಬಲ್ಲಿನಲ್ಲಿ ತಪ್ಪಲೆಯನ್ನೂ ಕೊಳಗವನ್ನೂ ಬೇರ್ಪಡಿಸುತ್ತಿದ್ದ.